ಕಂಪ್ಯೂಟರ್ ಹೊಸದು ಬೇಕು, ಸಾಫ್ಟ್‌ವೇರ್ ಹಳೆಯದೇ ಬೇಕು: ಸರ್ವಿಸ್ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಇಂಜಿನಿಯರ್ ಸರ್ ಉತ್ತರ ಕೊಡುತ್ತಾರೆ. ಯಾವ ವಿಂಡೋಸ್, ಎಂಥ ಸಾಫ್ಟ್‌ವೇರ್ ಅಂತ ಮೊದಲೇ ಬರೆಯಿರಿ.

ಬಿಲ್ಲಿಂಗ್ ಕೌಂಟರ್: ನಮಸ್ಕಾರ ಸರ್. ವಿಂಡೋಸ್ 7ರಲ್ಲಿರುವ ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸ್ 11ರಲ್ಲಿ ಓಡುತ್ತಾ?

ಇಂಜಿನಿಯರ್: ನಮಸ್ಕಾರ. 32 ಬಿಟ್‌ನದ್ದಾದರೆ ಸಾಮಾನ್ಯವಾಗಿ ಓಡುತ್ತದೆ. ಡಾಸ್ ಅಥವಾ ವಿಂಡೋಸ್ 3.1 ಕಾಲದ 16 ಬಿಟ್‌ನದ್ದಾದರೆ ನೇರವಾಗಿ ಓಡುವುದಿಲ್ಲ, ಯಾಕೆಂದರೆ ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಸೆಟಪ್ ಫೈಲ್, ಲೈಸೆನ್ಸ್ ಕೀ ಎರಡೂ ಕೈಯಲ್ಲಿವೆಯಾ ನೋಡಿಕೊಳ್ಳಿ. ಹಳೆ ಕಂಪ್ಯೂಟರಿನಲ್ಲಿ ಲೈಸೆನ್ಸ್ ಡಿಆಕ್ಟಿವೇಟ್ ಮಾಡುವ ಆಯ್ಕೆ ಇದ್ದರೆ ಫಾರ್ಮ್ಯಾಟ್‌ಗೆ ಮೊದಲು ಅದನ್ನು ಮಾಡಿ.

ಕಸೂತಿ ಮನೆ: ಸರ್, ಕಸೂತಿ ಯಂತ್ರಕ್ಕೆ ಡಿಸೈನ್ ಮಾಡುವ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿಯಲ್ಲಿದೆ. ಕಂಪ್ಯೂಟರಿನ ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಡಾಂಗಲ್ (ಲೈಸೆನ್ಸ್ ಇದೆ ಅಂತ ತೋರಿಸುವ ಚಿಕ್ಕ ಸಾಧನ) ಚುಚ್ಚಿದರೆ ಮಾತ್ರ ತೆರೆಯುತ್ತದೆ. ಮೂರು ದಿನದಿಂದ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ. ಇದೇ ಡಿಸ್ಕಿಗೆ ಹೊಸ ವಿಂಡೋಸ್ ಹಾಕಿಸಿಬಿಡಲಾ?

ಇಂಜಿನಿಯರ್: ಬೇಡ. ಮೊದಲು ಕಂಪ್ಯೂಟರ್ ಆಫ್ ಮಾಡಿ, ಆಮೇಲೆ ಮುಂದೆ ಓದಿ.

ಆ ಸದ್ದು ಡಿಸ್ಕ್ ಸಾಯುವ ಲಕ್ಷಣ. ಪ್ರತಿ ಸಲ ಆನ್ ಮಾಡಿದಾಗಲೂ ಇನ್ನಷ್ಟು ಹಾಳಾಗಬಹುದು. ಡಿಸ್ಕ್ ಸರಿಮಾಡುವ ಚೆಕ್‌ಡಿಸ್ಕ್, ಡಿಫ್ರಾಗ್ ಥರದ ಯಾವುದನ್ನೂ ಓಡಿಸಬೇಡಿ. ಡಿಸ್ಕ್ ಬಿಚ್ಚಿಸಿ, ಬೇರೆ ಕಂಪ್ಯೂಟರಿಗೆ ಜೋಡಿಸಿ, ಡಿಡಿರೆಸ್ಕ್ಯೂ ಥರದ ಟೂಲ್‌ನಿಂದ ಇಡೀ ಡಿಸ್ಕಿನ ಇಮೇಜ್, ಅಂದರೆ ಯಥಾವತ್ ನಕಲು, ತೆಗೆಸಿ. ಅದು ಚೆನ್ನಾಗಿರುವ ಜಾಗವನ್ನು ಮೊದಲು ಓದಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಡಿಸ್ಕ್ ಕಾಣಿಸದೇ ಹೋದರೆ ಅಲ್ಲೇ ನಿಲ್ಲಿಸಿ, ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ.

ಇಮೇಜ್ ಸಿಕ್ಕಿದರೆ ಅದನ್ನು ಒಂದು ಒಳ್ಳೆ ಡಿಸ್ಕಿಗೆ ಬರೆಸಿ, ಅದೇ ಹಳೆ ಕಂಪ್ಯೂಟರಿಗೆ ಹಾಕಿಸಿ. ಡಾಂಗಲ್ ಇದ್ದಲ್ಲೇ ಇರಲಿ. ಇಂಟರ್ನೆಟ್ ಕೇಬಲ್ ತೆಗೆಯಿರಿ. ಎಕ್ಸ್‌ಪಿಗೆ ಅಪ್‌ಡೇಟ್ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ಹೊಸ ಕಂಪ್ಯೂಟರನ್ನು ಉಳಿದ ಕೆಲಸಕ್ಕೆ ಇಟ್ಟುಕೊಳ್ಳಿ. ಹೊಸ ಕಂಪ್ಯೂಟರಿನೊಳಗೇ ಸಾಫ್ಟ್‌ವೇರ್ ಮೂಲಕ ಇನ್ನೊಂದು ಕಂಪ್ಯೂಟರ್ ಇದ್ದಂತೆ ಮಾಡುವ ವರ್ಚುವಲ್ ಮಷೀನ್‌ನಲ್ಲಿ ಎಕ್ಸ್‌ಪಿ ಓಡಿಸಬಹುದು ನಿಜ. ಅದರ ಸೆಟ್ಟಿಂಗ್‌ನಲ್ಲಿ ಡಿಸ್ಕ್ ಕಂಟ್ರೋಲರ್ ಐಡಿಇ (ಡಿಸ್ಕ್ ಜೋಡಿಸುವ ಹಳೆ ರೀತಿ) ಅಂತ ಇಡದಿದ್ದರೆ ವಿಂಡೋಸ್ ಕೆಟ್ಟು ನಿಂತು ನೀಲಿ ಪರದೆ ಬರುವುದು ಜಾಸ್ತಿ, ಅದನ್ನು ಸರಿಮಾಡಬಹುದು. ಕಷ್ಟ ಇರುವುದು ಡಾಂಗಲ್‌ನದ್ದು. ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟಿಗೆ ಬರುವ ಕೇಬಲ್‌ಗಳು ಪ್ರಿಂಟರಿಗಾಗಿ ಮಾಡಿದವು, ಅವುಗಳಲ್ಲಿ ಚುಚ್ಚಿದರೆ ಸಾಫ್ಟ್‌ವೇರಿಗೆ ಡಾಂಗಲ್ ಸಾಮಾನ್ಯವಾಗಿ ಕಾಣುವುದೇ ಇಲ್ಲ. ತಯಾರಕರನ್ನೇ ಕೇಳಿ, ಯುಎಸ್‌ಬಿ ಡಾಂಗಲ್‌ಗೆ ಬದಲಿಸಿಕೊಡಬಹುದು.

ಇನ್ನೊಂದು. ಡಿಸೈನ್‌ಗಳನ್ನು ಕಸೂತಿ ಯಂತ್ರ ಓದುವ ಡಿಎಸ್‌ಟಿ ಫೈಲ್ ಆಗಿ ಮಾತ್ರ ಉಳಿಸಿಕೊಂಡು ಸಮಾಧಾನ ಪಡಬೇಡಿ. ಅದರಲ್ಲಿ ಹೊಲಿಗೆ ಇರುತ್ತದೆ, ತಿದ್ದಲು ಬೇಕಾದ ಮೂಲ ವಿನ್ಯಾಸ ಇರುವುದಿಲ್ಲ. ಸಾಫ್ಟ್‌ವೇರಿನ ಸ್ವಂತ ಫೈಲ್‌ಗಳೂ ಬೇಕು. ಅವುಗಳ ಕಾಪಿ ಬೇರೆ ಎಲ್ಲಾದರೂ ಇದೆಯಾ?

ನೀಲಿ ಪರದೆ: ಫಾರ್ವರ್ಡ್ ಬಂದಿದೆ ನೋಡಿ: ಡಿಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿ ಫ್ರೀಜರಿನಲ್ಲಿಟ್ಟರೆ ಬೆಳಿಗ್ಗೆ ಸರಿಯಾಗುತ್ತದಂತೆ.

ಇಂಜಿನಿಯರ್: ದಯವಿಟ್ಟು ಇದನ್ನು ಇಲ್ಲಿ ಹಾಕಬೇಡಿ. ಹೊರಗೆ ತೆಗೆದಾಗ ತೇವ ಕಟ್ಟುತ್ತದೆ. ಉಳಿಯಬಹುದಾಗಿದ್ದ ಡೇಟಾ ಕೂಡ ಹೋಗುತ್ತದೆ.

ಪೆಂಗ್ವಿನ್ ಗೆಳೆಯ: ಇಷ್ಟೆಲ್ಲಾ ಯಾಕೆ? ವಿಂಡೋಸ್ ಬದಲು ಲಿನಕ್ಸ್ ಹಾಕಿ, ಅದರಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸಿಕೊಡುವ ವೈನ್‌ನಲ್ಲಿ ಓಡಿಸಿ.

ಹಳೆ ಮೇಷ್ಟ್ರು: ಡಾಂಗಲ್ ಡ್ರೈವರ್ ವೈನ್‌ನಲ್ಲಿ ಹೇಗ್ರೀ ಕೂರುತ್ತೆ? ಸುಮ್ನೆ ಹೇಳಬೇಡಿ.

ಪೆಂಗ್ವಿನ್ ಗೆಳೆಯ: ವಿಂಡೋಸ್ 11ರಲ್ಲಿ ಓಡದ 16 ಬಿಟ್ ವಿಂಡೋಸ್ ಪ್ರೋಗ್ರಾಂಗಳು ವೈನ್‌ನಲ್ಲಿ ಓಡುತ್ತವೆ. ನೋಡಿದ್ದೀರಾ ನೀವು?

ಹಳೆ ಮೇಷ್ಟ್ರು: ಅವರು ಕೇಳಿದ್ದು 16 ಬಿಟ್ ಅಲ್ಲ! ಪ್ರಶ್ನೆ ಓದೋದು ಬಿಟ್ಟು ಪ್ರಚಾರಕ್ಕೆ ಇಳಿದಿದ್ದೀರಿ.

ಪೆಂಗ್ವಿನ್ ಗೆಳೆಯ: ಪ್ರಚಾರ ಅನ್ನೋ ಮಾತು ವಾಪಸ್ ತಗೊಳ್ಳಿ.

ಇಂಜಿನಿಯರ್: ಇಬ್ಬರೂ ಹೇಳಿದ್ದು ಸರಿ, ಬೇರೆ ಬೇರೆ ವಿಷಯಕ್ಕೆ. ಸಾಕು.

ಹೊಸ ಸದಸ್ಯೆ: ಸರ್, ವಿಂಡೋಸ್ 7ರ ಸಾಫ್ಟ್‌ವೇರ್ 11ರಲ್ಲಿ ಓಡುತ್ತಾ?

ಇಂಜಿನಿಯರ್: ಮೇಲೆ ಮೊದಲ ಉತ್ತರ ನೋಡಿ.

ಸೇಬಿನ ತೋಟ: ಮ್ಯಾಕ್ ಅಪ್‌ಡೇಟ್ ಮಾಡಿದ ಮೇಲೆ ಹಳೆ ಆ್ಯಪ್ ಒಂದೂ ತೆರೆಯುತ್ತಿಲ್ಲ.

ಇಂಜಿನಿಯರ್: ಅವು 32 ಬಿಟ್‌ನವು ಇರಬೇಕು. 2019ರ ಕ್ಯಾಟಲಿನಾದಿಂದ ಅವು ಓಡುವುದಿಲ್ಲ, ಅದರ ಹಿಂದಿನ ಮೊಹಾವೆ ಕೊನೆಯದು.

ಸಂಗೀತದ ಕೋಣೆ: ನನ್ನ ಹಳೆ ಸೌಂಡ್ ಕಾರ್ಡಿಗೆ 64 ಬಿಟ್ ಡ್ರೈವರ್ ಎಲ್ಲಿ ಸಿಗುತ್ತೆ?

ಹಳೆ ಕಡತ: ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಕಾಪಿ ಮಾಡಿದರೆ ಸಾಕಂತೆ, ಹೌದಾ?

ಇಂಜಿನಿಯರ್: ಅಲ್ಲ. ಬಹುತೇಕ ಸಾಫ್ಟ್‌ವೇರ್ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲೂ ಸಿಸ್ಟಂ ಫೋಲ್ಡರಿನಲ್ಲೂ ತನ್ನ ಭಾಗಗಳನ್ನು ಇಟ್ಟಿರುತ್ತದೆ.

ನೀಲಿ ಪರದೆ: ಡಾಂಗಲ್ ಇಲ್ಲದೆ ತೆರೆಯುವ ಕ್ರ್ಯಾಕ್ ನನ್ನ ಹತ್ತಿರ ಇದೆ, ಬೇಕಾದವರು ಕೇಳಿ.

ಇಂಜಿನಿಯರ್: ಅಡ್ಮಿನ್, ಇದನ್ನು ಈಗಲೇ ಅಳಿಸಿ. ಇಂಥ ಫೈಲ್‌ಗಳ ಜೊತೆ ವೈರಸ್ ಬಂದು ಇಡೀ ಅಂಗಡಿಯ ಡೇಟಾ ಲಾಕ್ ಆಗಬಹುದು. ಕಷ್ಟದಲ್ಲಿರುವವರಿಗೆ ಇದನ್ನು ಕೊಡುವುದು ಸಹಾಯ ಅಲ್ಲ.

ಹೊಸ ಸದಸ್ಯೆ: ಸರ್, ನನ್ನದು ಬಿಲ್ಲಿಂಗ್ ಅಲ್ಲ, ಲೈಬ್ರರಿ ಸಾಫ್ಟ್‌ವೇರ್. ಸ್ವಲ್ಪ ಸರಿಯಾಗಿ ಉತ್ತರಿಸಿದರೆ ನಿಮಗೇನು ಹೋಗುತ್ತೆ?

ಇಂಜಿನಿಯರ್: ಉತ್ತರ ಅದೇ. ಎಷ್ಟು ಬಿಟ್ ಅಂತ ನೋಡಿಕೊಂಡು ಬನ್ನಿ.

ಕಸೂತಿ ಮನೆ: ಸರ್, ಕಾಪಿ ಎಲ್ಲೂ ಇಲ್ಲ. ನೀವು ಹೇಳುವ ಮೊದಲು ಒಂದೇ ಒಂದು ಸಲ ಆನ್ ಮಾಡಿ ಪೆನ್‌ಡ್ರೈವಿಗೆ ಹಾಕಲು ಹೋದೆ. ಅರ್ಧಕ್ಕೆ ನಿಂತಿತು.

ಇಂಜಿನಿಯರ್: ಸರಿ. ಇನ್ನು ಆನ್ ಮಾಡಬೇಡಿ. ಡಿಸ್ಕಿನ ಮೇಲಿನ ಲೇಬಲ್ ಫೋಟೋ ಕಳಿಸಿ, ಹಳೆ ರೀತಿಯ ಐಡಿಇನಾ, ಆಮೇಲೆ ಬಂದ ಸಾಟಾನಾ ನೋಡೋಣ. ಡಾಂಗಲ್ ಫೋಟೋ ಕೂಡ.