ಕರಡಿ ಡಬ್ಬಿಯಲ್ಲಿ ಅವಲಕ್ಕಿ

ಅಲಾಸ್ಕಾದ ಬೆಟಲ್ಸ್ ಅನ್ನೋ ಪುಟ್ಟ ಊರಲ್ಲಿ ನಾವು ನಾಲ್ವರು ಗೇಟ್ಸ್ ಆಫ್ ದಿ ಆರ್ಕ್ಟಿಕ್ ಪಾರ್ಕಿಗೆ ಹೋಗೋ, ನೀರಿನ ಮೇಲೆ ಇಳಿಯೋ ಪುಟ್ಟ ವಿಮಾನಕ್ಕೆ ಕಾಯುತ್ತಾ ಕೂತು ಎರಡನೇ ದಿನ. ಕಣಿವೆ ತುಂಬ ಮೋಡ. ಬೆಳಿಗ್ಗೆ ಆಕಾಶ ನೋಡಿ ತಲೆ ಅಲ್ಲಾಡಿಸಿ ಹೋದ ಪೈಲಟ್ ಮತ್ತೆ ಮುಖ ತೋರಿಸಿಲ್ಲ. ಈಗ ರಾತ್ರಿ 11. ಆದರೂ ಹಾಡುಹಗಲು. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಹರಟೆ ನಿಲ್ಲಿಸಲು ಕತ್ತಲಾಯಿತು ಅನ್ನೋ ನೆಪವೂ ಇಲ್ಲ.

“ಗೇಟ್ಸ್ ಆಫ್ ದಿ ಆರ್ಕ್ಟಿಕ್ ಅಂತೀರಲ್ಲ, ಗೇಟ್ ಎಲ್ಲಿದೆ?” ಮಂಜ ಕೇಳಿದ.

“ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ. ನದಿಯ ಆಚೆ ಈಚೆ ನಿಂತ ಎರಡು ಬೆಟ್ಟ ನೋಡಿ ರಾಬರ್ಟ್ ಮಾರ್ಷಲ್ ಅನ್ನೋ ಅರಣ್ಯತಜ್ಞರು ಇಟ್ಟ ಹೆಸರು ಅದು,” ಎಂದಳು ಸುಮಾ. ನಮ್ಮಲ್ಲಿ ಓದಿಕೊಂಡು ಬಂದವಳು ಅವಳೊಬ್ಬಳೇ. “1980ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು. ಸುಮಾರು 34,000 ಚದರ ಕಿಲೋಮೀಟರ್. ಒಳಗೆ ರಸ್ತೆ ಇಲ್ಲ. ಪಾರ್ಕಿನವರು ಮಾಡಿದ ಕಾಲುದಾರಿಯೂ ಇಲ್ಲ.”

“ಅಂದ್ರೆ ಎರಡೂವರೆ ಬೆಳಗಾವಿ ಜಿಲ್ಲೆ!” ರಾಘು ಅಥಣಿಯವನು. ಅವನಿಗೆ ಎಲ್ಲದಕ್ಕೂ ಅದೇ ಅಳತೆ. “ದಾರಿ ತಪ್ಪಿದರೆ ಯಾರನ್ನ ಕೇಳೋದು?”

“ಕರಡಿನ.”

ಕರಡಿಯ ಹೆಸರು ಬಂದದ್ದೇ ಮಾತು ಡಬ್ಬಿಗೆ ತಿರುಗಿತು. ಕರಡಿ ತೆರೆಯಲಾಗದ ಗಟ್ಟಿ ಡಬ್ಬಿ ಅದು. ರೇಂಜರ್ ಕಚೇರಿಯಲ್ಲಿ ಪುಕ್ಕಟೆಯಾಗಿ ಕೊಡುತ್ತಾರೆ, ವಾಪಸ್ ಕೊಡಬೇಕು ಅಷ್ಟೆ. ಊಟ ಮಾತ್ರವಲ್ಲ, ವಾಸನೆ ಬರೋದೆಲ್ಲ ಅದರೊಳಗೇ ಇರಬೇಕು. ಪೇಸ್ಟು, ಸೋಪು, ಮುಲಾಮು, ಎಲ್ಲ. ಮಂಜ ತನ್ನ ಚೀಲ ಸುರುವಿದ. ಇಂಗು, ಸಾರಿನಪುಡಿ, ಮಾವಿನಕಾಯಿ ಉಪ್ಪಿನಕಾಯಿ, ಅಮೃತಾಂಜನ.

“ಮೊದಲು ನೀನೇ ಡಬ್ಬಿಯೊಳಗೆ ಕೂತ್ಕೋ ಮಾರಾಯ,” ಎಂದೆ.

ಚಕ್ಕುಲಿ ಜಾಗ ತಿಂದಿತು. ಕುಟ್ಟಿ ತುಂಬಿದೆವು. ಅವಲಕ್ಕಿ ಮಾತ್ರ ಸಂದುಗೊಂದಿಗೆಲ್ಲ ಮರ್ಯಾದೆಯಿಂದ ಇಳಿಯಿತು. ನನ್ನನ್ನು ಕೇಳಿದರೆ ಉತ್ತರ ಧ್ರುವದ ಕಡೆ ಹೊರಡುವವರಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ.

“ಕರಡಿ ಮೈಮೇಲೆ ಬಂದ್ರೆ ಸಿಂಪಡಿಸೋ ಬೇರ್ ಸ್ಪ್ರೇಯಲ್ಲಿ ಇರೋದು ಮೆಣಸಿನಕಾಯಿ ಖಾರವೇ ಅಂತೆ,” ಎಂದಳು ಸುಮಾ.

“ಬ್ಯಾಡಗಿನೋ ಗುಂಟೂರೋ?” ರಾಘು ನಿಜವಾಗಿಯೂ ಗಂಭೀರವಾಗಿದ್ದ. “ಬ್ಯಾಡಗಿ ಆದ್ರೆ ಕರಡಿಗೆ ಬಣ್ಣ ಬರುತ್ತೆ, ಅಷ್ಟೇ.”

ರೇಂಜರ್ ಹೇಳಿದ ಒಂದು ಮಾತು ಮಾತ್ರ ನಮಗೆ ಧೈರ್ಯ ಕೊಟ್ಟಿತ್ತು. ಪೊದೆಗಳ ನಡುವೆ ಹೋಗುವಾಗ ಜೋರಾಗಿ ಮಾತಾಡುತ್ತಾ ನಡೆಯಬೇಕಂತೆ. ದೂರದಿಂದಲೇ ದನಿ ಕೇಳಿದರೆ ಕರಡಿ ಸಾಮಾನ್ಯವಾಗಿ ತಾನೇ ಸರಿದು ಹೋಗುತ್ತದೆ. ಇಷ್ಟು ವರ್ಷ ಮನೆಯವರಿಂದ ಬೈಸಿಕೊಂಡ ಗುಣಕ್ಕೆ ಕೊನೆಗೂ ಸರ್ಕಾರಿ ಮನ್ನಣೆ ಸಿಕ್ಕಿತು.

“ನಡೆಯೋದು ಎಲ್ಲಿಂದ ಬಂತು?” ಎಂದ ಮಂಜ. ನೆಲದಲ್ಲಿ ಹುಲ್ಲಿನ ಗುಪ್ಪೆಗಳು. ಮೇಲೆ ಕಾಲಿಟ್ಟರೆ ವಾಲುತ್ತವೆ, ಪಕ್ಕದಲ್ಲಿಟ್ಟರೆ ಕೆಸರು. ದಿನಕ್ಕೆ 6 ಮೈಲಿ ದಾಟಿದರೆ ದೊಡ್ಡ ಸಾಧನೆ. ಸೊಳ್ಳೆ ವಿಷಯ ಬೇಡ. ಎರಡು ದಿನದಿಂದ ಅವು ನಮ್ಮ ಹರಟೆಯಲ್ಲಿ ಐದನೆಯವರಾಗಿವೆ.

“ಅಲ್ಲಿ ಎಲ್ಲ ನಮ್ಮದೇ ಜವಾಬ್ದಾರಿ,” ಸುಮಾ ಮೇಷ್ಟ್ರ ದನಿಯಲ್ಲಿ ಶುರು ಮಾಡಿದಳು. “ಮೊಬೈಲ್ ಸಿಗಲ್ಲ. ಯಾರ ಹಂಗೂ ಇಲ್ಲ.”

“ಪೈಲಟ್ ಹಂಗು?” ಎಂದ ರಾಘು. ನಿನ್ನೆ ಚೀಲಗಳ ಜೊತೆ ನಮ್ಮನ್ನೂ ತೂಕಕ್ಕೆ ನಿಲ್ಲಿಸಿದ್ದರು. ಮಂಜನ ತೂಕ ಬರೆದುಕೊಂಡು ಪೈಲಟ್ ಪೆನ್ಸಿಲ್ ಕಚ್ಚಿದ್ದ. “ನಮ್ಮನ್ನ ಕೆರೆ ಮೇಲೆ ಇಳಿಸಿ ಹೋಗ್ತಾನೆ. 8 ದಿನ ಬಿಟ್ಟು ಬರದೇ ಇದ್ರೆ?”

“ಅದಕ್ಕೇ ಅಲ್ವಾ, ಮೋಡದಿಂದ ತಡವಾದರೆ ಬೇಕಾಗುತ್ತೆ ಅಂತ 3 ದಿನದ ಊಟ ಜಾಸ್ತಿ ಇಟ್ಟಿರೋದು. ಎಲ್ಲಿದೆ ಆ ಡಬ್ಬಿ?”

ಯಾರೂ ಮಾತಾಡಲಿಲ್ಲ. ಮಂಜನ ಗಡ್ಡದಲ್ಲಿ ಎರಡು ಅವಲಕ್ಕಿ ಕಾಳು.

“ಮೋಡ ಇದೆಯೋ ಇಲ್ವೋ?” ಎಂದ ಅವನು. “ತಡ ಆಗಿದೆಯೋ ಇಲ್ವೋ?”

ಸುಮಾ ಕಿಟಕಿಯಾಚೆ ನೋಡಿದಳು. ಬೆಟ್ಟ ಇನ್ನೂ ಕಾಣುತ್ತಿರಲಿಲ್ಲ. ನಿಧಾನವಾಗಿ ಅಂಗೈ ಚಾಚಿದಳು.

“ಉಪ್ಪಿನಕಾಯಿ ರಸ ಹಾಕಿ ಕಲಸಿದ್ದೀಯಾ?”