ಮಾಡಿಫೈ ಮಾಡಿದ ಗಾಡಿ ಸೀಜ್ ಮಾಡ್ತಾರಾ? ಆಟೊಮೊಬೈಲ್ ಡಿಪ್ಲೊಮಾ ಹಳೇ ವಿದ್ಯಾರ್ಥಿಗಳ ಗುಂಪಿನಲ್ಲಿ ನಡೆದ ಚರ್ಚೆ

ಮಹೇಶ (ಫಾರ್ವರ್ಡ್): ಎಚ್ಚರಿಕೆ! ಸೋಮವಾರದಿಂದ ಎಲ್ಲಾ ಕಡೆ ಪೊಲೀಸ್ ತಪಾಸಣೆ. ಅಲಾಯ್ ವೀಲ್, ಎಲ್‌ಇಡಿ ಬಲ್ಬ್, ಸ್ಟಿಕ್ಕರ್, ಸೈಲೆನ್ಸರ್, ಬುಲ್ ಬಾರ್ ಏನೇ ಬದಲಾಯಿಸಿದ್ದರೂ 25,000 ರೂ. ದಂಡ, ಗಾಡಿ ಸ್ಥಳದಲ್ಲೇ ಸೀಜ್, ಆರ್‌ಸಿ 1 ವರ್ಷ ರದ್ದು. ನಿಮ್ಮ ಎಲ್ಲಾ ಗುಂಪುಗಳಿಗೂ ಕಳಿಸಿ.

ವಿನಯ್: ನೋಡಿದ್ರಾ? ದುಡ್ಡು ಕೊಟ್ಟು ತಗೊಂಡ ಗಾಡಿ ನಮ್ದು, ಟ್ಯಾಕ್ಸ್ ಕಟ್ಟಿದ್ದು ನಾವು. ಒಂದು ರಿಮ್ ಹಾಕಿಸೋಕೂ ಇವರ ಅಪ್ಪಣೆ ಬೇಕಾ?

ನಾಗರಾಜ್ ಸಾರ್: ಮಹೇಶ, ಇದನ್ನ ಇನ್ನೊಂದು ಗುಂಪಿಗೆ ಕಳಿಸಬೇಡಪ್ಪ. 25 ಸಾವಿರ ದಂಡ, ಆರ್‌ಸಿ 12 ತಿಂಗಳು ರದ್ದು ಅನ್ನೋದು ಮೋಟಾರು ವಾಹನ ಕಾಯ್ದೆಯ 199ಎ. 18 ತುಂಬದ ಹುಡುಗರ ಕೈಗೆ ಗಾಡಿ ಕೊಟ್ಟವರಿಗೆ ಬೀಳೋ ಶಿಕ್ಷೆ ಅದು. ಮಾಡಿಫಿಕೇಶನ್‌ಗೆ ಇರೋದು 182ಎ, ಉಪಕಲಂ 4. 2019ರ ತಿದ್ದುಪಡಿಯಲ್ಲಿ ಬಂತು. ಒಂದೊಂದು ಬದಲಾವಣೆಗೆ 5,000 ರೂ., ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. "ಒಂದೊಂದಕ್ಕೆ" ಅನ್ನೋದು ನೆನಪಿರಲಿ. ಮೂರು ಸಿಕ್ಕರೆ 15,000.

ನಾಗರಾಜ್ ಸಾರ್: ಸೀಜ್ ಮಾಡೋ ಅಧಿಕಾರ 207ರಲ್ಲಿದೆ. ಲೈಸೆನ್ಸ್ ಇಲ್ಲ, ವಯಸ್ಸಾಗಿಲ್ಲ, ನೋಂದಣಿ ಇಲ್ಲ, ಪರ್ಮಿಟ್ ಇಲ್ಲ, ಇಂಥವಕ್ಕೆ. ರಿಮ್ ಬದಲಾಯಿಸಿದ್ದು ಆ ಪಟ್ಟಿಯಲ್ಲಿಲ್ಲ. ಆದರೆ 53 ಅಂತ ಒಂದಿದೆ. ಗಾಡಿ ಜನಕ್ಕೆ ಅಪಾಯ ಅಂತ ಕಂಡರೆ ಆರ್‌ಟಿಒ ನೋಂದಣಿ ಅಮಾನತು ಮಾಡಬಹುದು. ಅದಕ್ಕೆ ಮೊದಲು ಮಾಲೀಕನ ಮಾತು ಕೇಳಬೇಕು, ಕಾರಣ ಬರೆದು ಕೊಡಬೇಕು.

ವಿನಯ್: ಸಾರ್, ಸುಮ್ಮನೆ ತಡೆಯೋ ಹಾಗಿಲ್ಲ ಅಂತ 2022ರಲ್ಲಿ ಡಿಜಿಪಿ ಪ್ರವೀಣ್ ಸೂದ್ ಅವರೇ ಹೇಳಿದ್ರಲ್ಲ?

ನಾಗರಾಜ್ ಸಾರ್: ಬರೀ ದಾಖಲೆ ನೋಡೋಕೆ ತಡೆಯಬೇಡಿ, ಕಣ್ಣಿಗೆ ಕಾಣೋ ಉಲ್ಲಂಘನೆ ಇದ್ದರೆ ತಡೀರಿ ಅಂದಿದ್ದು. ಕಪ್ಪು ಗಾಜು, ಬುಲ್ ಬಾರ್, ಮಡ್‌ಗಾರ್ಡ್‌ನಿಂದ ಆಚೆ ಬಂದ ಟೈರ್, ಇವು ಕಣ್ಣಿಗೆ ಕಾಣದೆ ಇನ್ನೇನು? ಮಾಡಿಫೈ ಮಾಡಿದವನಿಗೆ ಆ ಆದೇಶ ರಕ್ಷಣೆ ಕೊಡಲ್ಲ.

ವಿನಯ್: ಹಾಗಾದ್ರೆ ಸ್ಟಿಕ್ಕರ್ ಅಂಟಿಸಿದ್ರೂ ತಪ್ಪಾ? ಸುಪ್ರೀಂ ಕೋರ್ಟ್ ಎಲ್ಲಾ ಮಾಡಿಫಿಕೇಶನ್ ನಿಷೇಧಿಸಿದೆ ಅಂತ ಯೂಟ್ಯೂಬಲ್ಲಿ ಕೂಗ್ತಾರೆ.

ನಾಗರಾಜ್ ಸಾರ್: 2019ರ ಜನವರಿಯಲ್ಲಿ ಬಂದ ತೀರ್ಪು ಅದು, ಕೇರಳದ ಪ್ರಕರಣ. ಕಲಂ 52ರ ಪ್ರಕಾರ ತಯಾರಕರು ಮೂಲದಲ್ಲಿ ಕೊಟ್ಟ ವಿವರ ಆರ್‌ಸಿಯಲ್ಲಿ ಏನಿದೆಯೋ ಅದಕ್ಕೆ ಗಾಡಿ ಬೇರೆಯಾಗಬಾರದು ಅಂತ. ಬಣ್ಣ ಬದಲಾಯಿಸಬಹುದು, ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಬೆಳ್ಳಿ ಬಣ್ಣದ ಗಾಡಿಗೆ ಪೂರ್ತಿ ಕಪ್ಪು ರ‍್ಯಾಪ್ ಸುತ್ತಿಸಿ ಆರ್‌ಸಿಯಲ್ಲಿ ಬೆಳ್ಳಿ ಅಂತಲೇ ಉಳಿಸಿಕೊಂಡರೆ ಉತ್ತರ ಕೊಡಬೇಕಾಗುತ್ತೆ. ಬಾಗಿಲ ಮೇಲೊಂದು ಸ್ಟಿಕ್ಕರ್‌ಗೆ ಯಾರೂ ಕೇಸ್ ಹಾಕಲ್ಲ.

ಪ್ರಕಾಶ (ಗ್ಯಾರೇಜ್, ಹಾಸನ): ಕಾನೂನು ಆಮೇಲೆ. ವಿನಯ್, ನಿನ್ನ ಗಾಡೀಲಿ ಹೆಡ್‌ಲೈಟ್‌ಗೆ ಏನು ಹಾಕಿದ್ದೀಯ ಹೇಳು ಮೊದಲು.

ವಿನಯ್: ಎಲ್‌ಇಡಿ, ಎಚ್4 ಹೋಲ್ಡರ್‌ಗೆ ನೇರ ಕೂರೋದು. ವೈರ್ ಕಟ್ ಮಾಡಿಲ್ಲ.

ಪ್ರಕಾಶ: ವೈರ್ ಕಟ್ ಮಾಡದಿದ್ರೆ ಸರಿ ಅಂತ ಎಲ್ಲರೂ ಅಂದುಕೊಳ್ತಾರೆ. ಎಚ್4 ಹ್ಯಾಲೊಜನ್ ಬಲ್ಬ್ ಕೈಯಲ್ಲಿ ಹಿಡಿದು ನೋಡು. ಒಳಗೆ ಎರಡು ಫಿಲಮೆಂಟ್, ಲೋ ಬೀಮ್‌ದರ ಕೆಳಗೆ ಸಣ್ಣ ತಗಡಿನ ಬಟ್ಟಲು. ಆ ಬಟ್ಟಲು ರಿಫ್ಲೆಕ್ಟರ್‌ನ ಕೆಳಭಾಗಕ್ಕೆ ಬೆಳಕು ಬೀಳದ ಹಾಗೆ ತಡೆಯುತ್ತೆ, ಅದಕ್ಕೇ ಲೋ ಬೀಮ್ ನೆಲಕ್ಕೆ ಇಳಿಯೋದು. ಎಲ್‌ಇಡಿ ಬಲ್ಬ್‌ನಲ್ಲಿ ಚಿಪ್ ಪಟ್ಟಿ ದಪ್ಪ, ಎರಡು ಪಕ್ಕದಲ್ಲಿ ಕೂತಿರುತ್ತೆ. ಫಿಲಮೆಂಟ್ ಇದ್ದ ಜಾಗಕ್ಕೂ ಚಿಪ್‌ಗೂ ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಆದ್ರೂ ಬೆಳಕಿನ ಗೆರೆ ಕಲಸಿ ಹೋಗಿ ಮೇಲಕ್ಕೆ ಚೆಲ್ಲುತ್ತೆ. ನಿನಗೆ ಬೋರ್ಡ್ ಫಳಫಳ ಕಾಣುತ್ತೆ, ಎದುರಿಂದ ಬರೋ ಬೈಕ್‌ನವನಿಗೆ ರಸ್ತೆಯೇ ಕಾಣಲ್ಲ. ಮಳೆ, ಮಂಜಿನಲ್ಲಿ ಆ ನೀಲಿ ಬಿಳುಪು ನಿನ್ನ ಕಣ್ಣಿಗೇ ವಾಪಸ್ ಹೊಡೆಯುತ್ತೆ. 2024ರ ಜುಲೈನಲ್ಲಿ ರಾಜ್ಯದಾದ್ಯಂತ ಕಣ್ಣು ಕುಕ್ಕೋ ಎಲ್‌ಇಡಿ ಮೇಲೆ ಪೊಲೀಸರು ಕೇಸ್ ಹಾಕಿದ್ದು ಸುಮ್ಮನೆ ಅಲ್ಲ.

ವಿನಯ್: ಹಾಗಾದ್ರೆ 100/90 ಹ್ಯಾಲೊಜನ್ ಹಾಕಿಸ್ಲಾ?

ಪ್ರಕಾಶ: ಬೇಡ ಕಣೋ. ಕಂಪನಿ ಬಲ್ಬ್ 60/55 ವಾಟ್. 12 ವೋಲ್ಟ್‌ನಲ್ಲಿ 60 ವಾಟ್ ಅಂದ್ರೆ 5 ಆಂಪ್, 100 ವಾಟ್ ಅಂದ್ರೆ 8.3 ಆಂಪ್. ಎರಡೂ ದೀಪ ಸೇರಿ ಹೈ ಬೀಮ್‌ನಲ್ಲಿ 10 ಇದ್ದಿದ್ದು ಸುಮಾರು 17 ಆಂಪ್ ಆಗುತ್ತೆ. ಮೊದಲು ಬಲ್ಬ್ ಹೋಲ್ಡರ್ ಹಳದಿ ತಿರುಗಿ ಕರಗುತ್ತೆ, ಆಮೇಲೆ ಸ್ಟೀರಿಂಗ್ ಪಕ್ಕದ ಕಾಂಬಿ ಸ್ವಿಚ್. ರಿಲೇ (ಬ್ಯಾಟರಿಯಿಂದ ನೇರ ಕರೆಂಟ್ ಕೊಡೋ ಸ್ವಿಚ್) ಹಾಕಿದ್ರೆ ವೈರ್ ಉಳಿಯಬಹುದು, ಎದುರಿನವನ ಕಣ್ಣು ಉಳಿಯಲ್ಲ. ಒಳ್ಳೇ ಕಂಪನಿಯ 60/55 ಹಾಕಿ ಬೀಮ್ ಅಡ್ಜಸ್ಟ್ ಮಾಡಿಸು. ಸಮನೆಲ, ಟೈರ್ ಗಾಳಿ ಸರಿ, ಡ್ರೈವರ್ ಸೀಟಲ್ಲಿ ಒಬ್ಬ, ಹೆಡ್‌ಲೈಟ್ ಏರಿಸಿ ಇಳಿಸೋ ಲೆವೆಲ್ ನಾಬ್ 0. ಗೋಡೆಗೆ 5 ಮೀಟರ್ ದೂರ ನಿಲ್ಲಿಸಿ ದೀಪದ ನಡುಮಧ್ಯದ ಎತ್ತರ ಅಳೆದು ಗೋಡೆ ಮೇಲೆ ಗೆರೆ ಎಳಿ. ಲೋ ಬೀಮ್‌ನ ಮೇಲಂಚು ಆ ಗೆರೆಗಿಂತ 5 ಸೆಂ.ಮೀ. ಕೆಳಗಿರಬೇಕು.

ಶೈಲಜಾ (ವಿಮಾ ಸರ್ವೇಯರ್, ಧಾರವಾಡ): ಪ್ರಕಾಶ ಹೇಳಿದ್ದು ಖರೇ ಐತಿ. ಬೆಂಕಿ ಹತ್ತಿದ ಗಾಡಿ ಬಂತಂದ್ರ ಮೊದಲ ನೋಡೋದ ಹೊರಗಿಂದ ಎಳೆದ ವೈರ್, ಫ್ಯೂಸ್ ಇಲ್ಲದ ಕನೆಕ್ಷನ್. ಮ್ಯೂಸಿಕ್ ಸಿಸ್ಟಮ್, ಹೆಚ್ಚಿನ ದೀಪ ಇಂಥ ವಿದ್ಯುತ್ ಸಾಮಾನು ಪಾಲಿಸಿಯೊಳಗ ಬರಿಸಬೇಕು, ಅದಕ್ಕ ಐಎಂಟಿ 24 ಅಂತ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಕೂಡಿಸೋ ಷರತ್ತು) ಐತಿ. ಸಿಎನ್‌ಜಿ ಕಿಟ್ ಇದ್ರ ಐಎಂಟಿ 25. ಅಪಘಾತದಾಗ ಪೆಟ್ಟಾದ ಮೂರನೇ ವ್ಯಕ್ತಿಗೆ ಪರಿಹಾರ ಸಿಗತೈತಿ, ಜಗಳ ಬರೋದು ನಿಮ್ಮ ಸ್ವಂತ ಗಾಡಿ ಕ್ಲೇಮಿನೊಳಗ.

ಶೈಲಜಾ: ಸಿಎನ್‌ಜಿ ಬಗ್ಗೆ ಇನ್ನೊಂದು ಮಾತು. ಕಿಟ್ ಆ ಮಾಡೆಲ್‌ಗೆ ಟೈಪ್ ಅಪ್ರೂವಲ್ ಆಗಿರಬೇಕು, ಕೂಡಿಸಿದ ಮ್ಯಾಲೆ 14 ದಿನದೊಳಗ ಆರ್‌ಟಿಒಗೆ ತಿಳಿಸಿ ಆರ್‌ಸಿಯೊಳಗ ಇಂಧನ ಬದಲಿಸಿಕೊಳ್ಳಬೇಕು. ಸಿಲಿಂಡರ್ 200 ಬಾರ್ ಒತ್ತಡದಾಗ ತುಂಬತಾರ, ಮೂರು ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ (ನೀರು ತುಂಬಿ ಒತ್ತಡದ ಪರೀಕ್ಷೆ) ಆಗಲೇಬೇಕು. ಆ ದಿನಾಂಕದ ಪ್ಲೇಟ್ ನೋಡದ ಗಾಡಿ ತಗೋಬ್ಯಾಡ್ರಿ.

ವಿನಯ್: ನನ್ನದು ಪೆಟ್ರೋಲ್. ನನ್ನ ಜಗಳ ಸೈಲೆನ್ಸರ್ ಬಗ್ಗೆ. ರಸ್ತೇಲಿ ನಿಲ್ಲಿಸಿ ಆಕ್ಸಿಲರೇಟರ್ ತುಳಿ ಅಂತಾರೆ, ಕಿವಿಗೆ ಜೋರು ಅನ್ನಿಸಿದ್ರೆ ಕೇಸ್. ಅಳತೆ ಎಲ್ಲಿ? ಕಾನೂನಲ್ಲಿ ಡೆಸಿಬಲ್ ಇದೆ ಅಂದ ಮೇಲೆ ಮೀಟರ್ ತರಲಿ.

ನಾಗರಾಜ್ ಸಾರ್: ಈ ಮಾತು ನಾನು ಒಪ್ಪುತ್ತೇನೆ. ಆದರೆ ಮೀಟರ್ ಬಂದರೂ ಯಾವ ಅಂಕಿ ಯಾವುದಕ್ಕೆ ಅಂತ ಗೊತ್ತಿರಬೇಕು. ಕಾರಿಗೆ 74 ಡೆಸಿಬಲ್, 175 ಸಿಸಿ ಮೇಲಿನ ಬೈಕಿಗೆ 80 ಅನ್ನೋದು ಹೊಸ ಮಾಡೆಲ್‌ನ ಅನುಮೋದನೆ ಪರೀಕ್ಷೆ. ಗಾಡಿ ಓಡ್ತಾ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ 7.5 ಮೀಟರ್ ದೂರದ ಮೈಕಿನಲ್ಲಿ ಅಳೆಯೋದು. ನಿಂತ ಗಾಡಿ ಅಳೆಯೋಕೆ ಬೇರೆ ವಿಧಾನ. ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್, 45 ಡಿಗ್ರಿ ಕೋನ, ಕಾರಾದರೆ ಗರಿಷ್ಠ ಪವರ್ ಬರೋ ಆರ್‌ಪಿಎಂನ ಮುಕ್ಕಾಲು ಭಾಗ. ಅಷ್ಟು ಹತ್ತಿರದಲ್ಲಿ ಕಂಪನಿ ಸೈಲೆನ್ಸರೂ 74 ದಾಟುತ್ತೆ. ಮೊಬೈಲ್ ಆ್ಯಪ್ ಹಿಡಿದು 88 ಬಂತು, ಮಿತಿ 74 ಅಂತ ಬರೆದರೆ ಅದು ತಪ್ಪು ಹೋಲಿಕೆ, ಕೋರ್ಟಿನಲ್ಲಿ ನಿಲ್ಲಲ್ಲ.

ವಿನಯ್: ಅದನ್ನೇ ನಾನು ಹೇಳ್ತಿರೋದು!

ನಾಗರಾಜ್ ಸಾರ್: ಪೂರ್ತಿ ಕೇಳು. ಶಬ್ದ ಅಳೆಯದೆಯೂ ಕೇಸ್ ನಿಲ್ಲೋ ದಾರಿ ಇದೆ. ಅನುಮೋದನೆ ಇಲ್ಲದ ಸೈಲೆನ್ಸರ್ ಅಂದರೆ ಅದೇ ಒಂದು ಬದಲಾವಣೆ, 52 ಮತ್ತು 182ಎ ಸಾಕು. ಒಳಗೆ ಕ್ಯಾಟ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ತೆಗೆದಿದ್ದರಂತೂ ಎಮಿಷನ್ ಟೆಸ್ಟ್‌ನಲ್ಲೇ ಸಿಕ್ಕಿಬೀಳ್ತೀಯ.

ಪ್ರಕಾಶ: ಬಿಎಸ್ 4 (ಹೊಗೆ ಮಿತಿಯ ಮಾನಕ) ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ, ಅಂದ್ರೆ ಆಕ್ಸಿಲರೇಟರ್ ತುಳಿಯದೆ, ಕಾರ್ಬನ್ ಮಾನಾಕ್ಸೈಡ್ ಶೇ 0.3, ಹೈಡ್ರೊಕಾರ್ಬನ್ 200 ಪಿಪಿಎಂ ದಾಟಬಾರದು. 2,500 ಆರ್‌ಪಿಎಂನಲ್ಲಿ ಶೇ 0.2, ಲ್ಯಾಂಬ್ಡಾ (ಗಾಳಿ, ಪೆಟ್ರೋಲ್ ಮಿಶ್ರಣದ ಅಳತೆ) 0.97ರಿಂದ 1.03. ಕ್ಯಾಟ್ ಬಿಚ್ಚಿದ ಗಾಡಿ ನಿಯತ್ತಾಗಿ ಟೆಸ್ಟ್ ಮಾಡಿದ್ರೆ ಇದರಲ್ಲಿ ಪಾಸಾಗೋದು ಕಷ್ಟ. ಜಾಯಿಂಟ್‌ನಲ್ಲಿ ಗಾಳಿ ಎಳೀತಿದ್ರೂ ಲ್ಯಾಂಬ್ಡಾ ಮೇಲೆ ಹೋಗುತ್ತೆ, ಎಷ್ಟೋ ಸಲ ತೊಂದರೆ ಬರೀ ಒಂದು ಗ್ಯಾಸ್ಕೆಟ್.

ಜೋಸೆಫ್ (ಟೈರ್ ಅಂಗಡಿ, ಮಂಗಳೂರು): ವಿನಯ್, ರಿಮ್ ಯಾವ ಸೈಜ್ ಮಾರಾಯ?

ವಿನಯ್: ಗಾಡಿ ಸ್ವಿಫ್ಟ್ ವಿಎಕ್ಸ್‌ಐ. ಕಂಪನಿದು 165/80 ಆರ್14. ಈಗ 185/65 ಆರ್15 ಇದೆ. 215/60 ಆರ್16ಗೆ ಹೋಗೋಣ ಅಂತ.

ಜೋಸೆಫ್: ಈಗ ಇರುವುದನ್ನು ಮುಟ್ಟಬೇಡ. 165/80 ಆರ್14 ಟೈರಿನ ಹೊರಗಿನ ವ್ಯಾಸ 619.6 ಮಿ.ಮೀ., 185/65 ಆರ್15ದ್ದು 621.5. ವ್ಯತ್ಯಾಸವೇ ಇಲ್ಲ. ಮೇಲಿನ ಝಡ್‌ಎಕ್ಸ್‌ಐಗೆ ಕಂಪನಿಯೇ ಆ ಸೈಜ್ ಕೊಡುವುದು, ಹಾಗಾಗಿ ಕೇಳಿದರೆ ತೋರಿಸಲಿಕ್ಕೆ ಆಧಾರ ಉಂಟು. 215/60 ಆರ್16 ಅಂದರೆ 664.4. ಹತ್ತಿರ ಶೇ 7 ದೊಡ್ಡದು. ಮೀಟರ್ 80 ತೋರಿಸುವಾಗ ನೀನು 85ರ ಮೇಲೆ ಹೋಗ್ತಾ ಇರ್ತೀ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಲೈನರ್‌ಗೆ ಉಜ್ಜುತ್ತದೆ, ಬ್ರೇಕಿಗೂ ಹೊರೆ ಜಾಸ್ತಿ.

ಜೋಸೆಫ್: ಉಜ್ಜುತ್ತದೆ ಅಂತ ಹಬ್‌ಗೂ ರಿಮ್‌ಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿಸುವವರು ಇದ್ದಾರೆ. ಅದು ಎಲ್ಲದಕ್ಕಿಂತ ಅಪಾಯ. ಚಕ್ರ ಹಿಡಿಯುವ ಸ್ಟಡ್ (ಬೋಲ್ಟ್) ಎಷ್ಟು ದಪ್ಪವೋ ಕಡಿಮೆಯೆಂದರೆ ಅಷ್ಟು ಉದ್ದ ನಟ್‌ನ ಒಳಗೆ ಥ್ರೆಡ್ ಹಿಡಿಯಬೇಕು. 12 ಮಿ.ಮೀ. ಸ್ಟಡ್, ಒಂದು ಸುತ್ತಿಗೆ 1.25 ಮಿ.ಮೀ. (ಪಿಚ್) ಆದರೆ ಹತ್ತು ಸುತ್ತು. 10 ಮಿ.ಮೀ. ಸ್ಪೇಸರ್ ತೂರಿಸಿದರೆ ಎರಡು ಮೂರು ಸುತ್ತು ಉಳಿದರೆ ಪುಣ್ಯ. ಹೊರಗಿನ ಅಲಾಯ್‌ಗೆ ನಡುವಿನ ತೂತು ಹಬ್‌ಗಿಂತ ದೊಡ್ಡದಿರುತ್ತದೆ, ಅದಕ್ಕೆ ಸರಿಯಾದ ಹಬ್ ರಿಂಗ್ ಹಾಕದಿದ್ದರೆ 80ರ ಮೇಲೆ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಬ್ಯಾಲೆನ್ಸ್ ಮಾಡಿದರೂ ಹೋಗುವುದಿಲ್ಲ. ಟೈರಿನ ಲೋಡ್ ಇಂಡೆಕ್ಸ್ (ಹೊರುವ ಭಾರದ ಸಂಖ್ಯೆ) ಕೂಡ ನೋಡಬೇಕು, 88 ಅಂದರೆ ಒಂದು ಟೈರಿಗೆ 560 ಕೆ.ಜಿ. ಕಂಪನಿ ಕೊಟ್ಟದ್ದಕ್ಕಿಂತ ಕೆಳಗೆ ಇಳಿಯಬಾರದು. ಮತ್ತೆ ಟೈರಿನ ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇದ್ದರೆ ರಿಮ್ ಯಾವುದೇ ಇರಲಿ ಕೇಸ್ ಬೀಳುತ್ತದೆ.

ಮಹೇಶ: ಬುಲ್ ಬಾರ್? ನಮ್ಮ ಕಡೆ ಅರ್ಧ ಜೀಪುಗಳಿಗೆ ಇದೆ.

ನಾಗರಾಜ್ ಸಾರ್: 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲಾ ರಾಜ್ಯಗಳಿಗೆ ಬರೆದಿದೆ, ಅನಧಿಕೃತ, ತೆಗೆಸಿ ಅಂತ. ತೆಗೆಸಲೇಬೇಕು.

ಪ್ರಕಾಶ: ಬುಲ್ ಬಾರ್ ಕ್ಲಾಂಪ್ ನೇರ ಚಾಸಿ ತುದಿಗೆ ಬೋಲ್ಟ್ ಆಗುತ್ತೆ. ಬಂಪರ್ ಹಿಂದಿನ ಭಾಗ ಮಡಚಿಕೊಂಡು ಪೆಟ್ಟು ನುಂಗಬೇಕಿತ್ತು, ಅದು ತಪ್ಪಿ ಪೆಟ್ಟು ಒಳಗೆ ಹೋಗುತ್ತೆ. ಏರ್‌ಬ್ಯಾಗ್ ಸೆನ್ಸರ್‌ನ ಲೆಕ್ಕಾಚಾರವೂ ಕೆಡುತ್ತೆ. ಎದುರು ಸಿಕ್ಕ ಮನುಷ್ಯನ ಗತಿ ಹೇಳೋದೇ ಬೇಡ.

ವಿನಯ್: ಗಾಜಿನ ಟಿಂಟ್ ಮಾತ್ರ ನಾನು ತೆಗೆಯಲ್ಲ. 2024ರಲ್ಲಿ ಕೇರಳ ಹೈಕೋರ್ಟ್ ಫಿಲ್ಮ್ ಹಾಕಬಹುದು ಅಂದಿದೆ.

ಶೈಲಜಾ: ಹೇಳೇತಿ, ಖರೆ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 100ನೇ ನಿಯಮಕ್ಕ ತಿದ್ದುಪಡಿ ಆಗಿ 2021ರ ಏಪ್ರಿಲ್‌ನಿಂದ ಸೇಫ್ಟಿ ಗ್ಲೇಜಿಂಗ್‌ಗೂ (ಒಳಬದಿಗೆ ಪ್ಲಾಸ್ಟಿಕ್ ಪದರ ಇರೋ ಗಾಜು) ಅವಕಾಶ ಸಿಕ್ಕತು, ಅದನ್ನ ಹಿಡಿದು ಆ ತೀರ್ಪು ಬಂತು. ಆದ್ರ ಅದರೊಳಗೂ ಮುಂದಿನ, ಹಿಂದಿನ ಗಾಜಿಗೆ ಶೇ 70, ಬಾಗಿಲ ಗಾಜಿಗೆ ಶೇ 50 ಬೆಳಕು ದಾಟಬೇಕು, ಫಿಲ್ಮ್ ಮಾನಕದ ಪ್ರಕಾರ ಇರಬೇಕು. ಇಲ್ಲಿ ಪೊಲೀಸರು 2012ರ ಸುಪ್ರೀಂ ಕೋರ್ಟ್ ಆದೇಶ ತೋರಿಸತಾರ, ಅದು ಅಂಟಿಸಿದ ಫಿಲ್ಮ್ ಎಷ್ಟೇ ತೆಳುವಿದ್ರೂ ಬ್ಯಾಡ ಅಂತ ಹೇಳತೈತಿ. ಕೇರಳ ಹೈಕೋರ್ಟ್ ಮಾತು ಕರ್ನಾಟಕದಾಗ ವಾದಕ್ಕ ಬರತೈತಿ, ಕಡ್ಡಾಯ ಅಲ್ಲ. ನಿನ್ನ ಫಿಲ್ಮ್ ಎಷ್ಟು ಪರ್ಸೆಂಟ್?

ವಿನಯ್: ಅಂಗಡಿಯವನು 35 ಅಂದಿದ್ದ.

ಶೈಲಜಾ: ಹಂಗಾದ್ರ ಕೇರಳದಾಗೂ ಫೇಲ್. ಅದರ ಮ್ಯಾಲೆ ಕಂಪನಿ ಗಾಜೇ ಒಂದಷ್ಟು ಬೆಳಕು ತಡೀತೈತಿ. ಗಾಜು ಶೇ 75 ಬಿಟ್ರ, ಅದರ ಮ್ಯಾಲೆ 35ರ ಫಿಲ್ಮ್, ಉಳಿಯೋದು ಶೇ 26.

ವಿನಯ್: ಸರಿ, ಟಿಂಟ್ ಕೀಳ್ತೀನಿ. ಎಲ್‌ಇಡಿನೂ ತೆಗೀತೀನಿ. ರಿಮ್ ಇರೋದು ಇರಲಿ. ಸೈಲೆನ್ಸರ್ ಮಾತ್ರ ಸರಿಯಾದ ಮೀಟರ್ ಇಟ್ಟು ಅಳೆಯೋವರೆಗೂ ಬಿಚ್ಚಲ್ಲ.

ನಾಗರಾಜ್ ಸಾರ್: ಅದು ನಿನ್ನಿಷ್ಟ. ಕೇಸ್ ಆದರೆ ಚಲನ್‌ನಲ್ಲಿ ಯಾವ ಕಲಂ ಇದೆ ನೋಡು. ಶಬ್ದದ ಮಿತಿ ಮೀರಿದ್ದು ಅಂತ ಬರೆದು ಅಳತೆಯ ಅಂಕಿಯೇ ಇಲ್ಲದಿದ್ದರೆ ದಂಡ ಕಟ್ಟದೆ ಕೋರ್ಟಿಗೆ ಹೋಗು, ನಿನ್ನ ವಾದಕ್ಕೆ ಬಲ ಇದೆ. 182ಎ ಅಂತ ಬರೆದಿದ್ದರೆ ಕಂಪನಿ ಸೈಲೆನ್ಸರ್ ಹಾಕಿಸಿಕೊಂಡು ಬಂದು ತೋರಿಸು. ಹಳೇದು ಇಟ್ಟಿದ್ದೀಯ ತಾನೇ?

ವಿನಯ್: ಇದೆ ಸಾರ್. ಅಟ್ಟದ ಮೇಲೆ.

ಪ್ರಕಾಶ: ಹಾಕೋವಾಗ ಹಳೇ ಗ್ಯಾಸ್ಕೆಟ್ ಹಾಕಬೇಡ, ಹೊಸದು ತಗೋ. ರಬ್ಬರ್ ಹ್ಯಾಂಗರ್ ಬಿರುಕು ಬಿಟ್ಟಿದ್ರೆ ಅದನ್ನೂ ಬದಲಾಯಿಸು.