ಪದಚರ್ಚೆ: ಬ್ಯಾಟರಿಯ ಬೆಂಕಿ ‘ಆರಿದೆ’ ಅಂದರೆ ಸಾಕೇ?

ಗೆಳೆಯರೇ,

ಒಂದು ಸೂಚನಾ ಫಲಕಕ್ಕೆ ಸರಿಯಾದ ಕ್ರಿಯಾಪದ ಬೇಕಾಗಿದೆ. ಹಾಸನದಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಜಾಸ್ತಿಯಾಗಿವೆ, ಕಾರುಗಳೂ ಬರುತ್ತಿವೆ. ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ಚಾರ್ಜಿಂಗ್ ಪಾಯಿಂಟಿನ ಪಕ್ಕದ ಗೋಡೆಗೆ ಕನ್ನಡದಲ್ಲೇ ಬರೆದು ಹಾಕೋಣ ಅಂತ ಸಂಘದಲ್ಲಿ ತೀರ್ಮಾನವಾಯಿತು. ಕರಡಿನ ಒಂದು ಸಾಲು ಹೀಗಿದೆ: “ಬೆಂಕಿ ಆರಿದ ಮೇಲೂ ವಾಹನದ ಹತ್ತಿರ ಹೋಗಬೇಡಿ.” ರಾತ್ರಿ ಪಾಳಿಯ ವಾಚ್‌ಮನ್ ಆಲೂರು ಕಡೆಯವರು. ಅವರು ಇದನ್ನು ಓದಿ, “ಆರಿದ ಮೇಲೆ ಇನ್ನೇನು ಭಯ ಸಾರ್?” ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಬೆಂಕಿ ಆರಿತು ಅಂದರೆ ಅಲ್ಲಿಗೆ ಮುಗಿಯಿತು ಅಂತ ತಾನೇ ನಾವೆಲ್ಲ ತಿಳಿಯುವುದು?

‘ಆರು’ ಬಹಳ ದುಡಿಯುವ ಪದ. ದೀಪ ಆರಿತು ಅಂದರೆ ಬೆಳಕು ಹೋಯಿತು. ಕಾಫಿ ಆರಿಹೋಯಿತು ಅಂದರೆ ಬಿಸಿ ಹೋಯಿತು. ಬಟ್ಟೆ ಆರಿದೆ ಅಂದರೆ ನೀರು ಹೋಯಿತು. ಬಾಯಾರಿಕೆಯಲ್ಲಿ ಇರುವುದೂ ಇದೇ ಆರು. ಸೌದೆ ಒಲೆಯಲ್ಲಿ ಮೊದಲೆರಡು ಅರ್ಥಗಳೂ ಹೆಚ್ಚುಕಡಿಮೆ ಜೊತೆಯಲ್ಲೇ ನಡೆಯುತ್ತವೆ. ಉರಿ ಹೋದ ಸ್ವಲ್ಪ ಹೊತ್ತಿಗೆ ಬಿಸಿಯೂ ಹೋಗುತ್ತದೆ. ಲೀಥಿಯಂ ಅಯಾನ್ ಬ್ಯಾಟರಿಯಲ್ಲಿ ಹಾಗಲ್ಲ. ಮೇಲೆ ಉರಿ ಕಾಣದಿದ್ದರೂ ಒಳಗಿನ ಸೆಲ್ಲುಗಳು ಸುಡುತ್ತಲೇ ಇರಬಹುದು. ಕೆಲವು ಗಂಟೆ ಬಿಟ್ಟು, ಕೆಲವೊಮ್ಮೆ ದಿನಗಳೇ ಕಳೆದ ಮೇಲೆ, ಮತ್ತೆ ಹೊತ್ತಿಕೊಂಡ ಉದಾಹರಣೆಗಳಿವೆ. ಅದಕ್ಕೇ ಅಗ್ನಿಶಾಮಕದವರು ಉರಿ ನಿಂತ ಮೇಲೂ ನೀರು ಹಾಯಿಸುತ್ತಾರೆ. ಶಾಖ ತೋರಿಸುವ ಕ್ಯಾಮೆರಾ ಇದ್ದರೆ ಅದರಲ್ಲಿ ನೋಡುತ್ತಾರೆ. ಗಾಡಿಯನ್ನು ಬಯಲಿಗೆ ಎಳೆದು, ಬೇರೆ ವಾಹನಗಳಿಂದ ದೂರ ನಿಲ್ಲಿಸುತ್ತಾರೆ. ಉರಿ ಆರಿದೆ, ಬ್ಯಾಟರಿ ಆರಿಲ್ಲ ಅನ್ನುವ ಸ್ಥಿತಿ ಇದು. ಒಂದೇ ಕ್ರಿಯಾಪದ ಎರಡು ಕಡೆ ಎರಡು ಮಾತು ಹೇಳುತ್ತಿದೆ.

ಪತ್ರಿಕೆಗಳು ‘ನಂದಿಸಿದರು’ ಅಂತ ಬರೆಯುತ್ತವೆ. ಅದೂ ಉರಿಯನ್ನಷ್ಟೇ ಹೇಳುತ್ತದೆ. ‘ಆರಿಸು’ ಅಂದರೆ ಚುನಾವಣೆಯಲ್ಲಿ ಆರಿಸುವುದೂ ಹೌದು, ಆದರೆ ಇಲ್ಲಿ ಆ ಗೊಂದಲ ಯಾರಿಗೂ ಆಗಲಿಕ್ಕಿಲ್ಲ. ನನ್ನ ಒಲವು ‘ತಣಿ, ತಣಿಸು’ ಕಡೆಗೆ. ಬ್ಯಾಟರಿಗೆ ಬೇಕಾಗಿರುವುದು ನಿಜಕ್ಕೂ ಅದೇ. ಚಾರ್ಜಿಂಗ್ ಪಾಯಿಂಟಿನ ಪಕ್ಕ ನೇತುಹಾಕಿರುವ ಕೆಂಪು ಸಿಲಿಂಡರಿನ ಒಣ ಪುಡಿ ಸೀಟು, ವೈರು ಹೊತ್ತಿಕೊಂಡರೆ ಕೆಲಸಕ್ಕೆ ಬರುತ್ತದೆ. ಸೆಲ್ಲಿನೊಳಗಿನ ಬಿಸಿಯನ್ನು ಅದು ಎಳೆದುಕೊಳ್ಳುವುದಿಲ್ಲ. ಬಿಸಿ ಎಳೆಯುವುದು ನೀರು, ಅದೂ ತುಂಬಾ ನೀರು, ತುಂಬಾ ಹೊತ್ತು. ಆದರೆ ‘ತಣಿ’ ಅಂದಾಗ ನಮ್ಮ ಕಡೆ ಮೊದಲು ನೆನಪಾಗುವುದು ಕೋಪ ತಣಿಯುವುದು, ಮನಸ್ಸು ತಣಿಯುವುದು. ಫಲಕದಲ್ಲಿ ಅದು ಪದ್ಯದ ಹಾಗೆ ಕೇಳಿಸಬಾರದು. ‘ತಣ್ಣಗಾಗು’ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಸ್ವಲ್ಪ ಸಪ್ಪೆ ಅಷ್ಟೆ.

ಇನ್ನೊಂದು ಪದ ‘ಥರ್ಮಲ್ ರನ್‌ಅವೇ’. ಇದಕ್ಕೆ ‘ಅನಿಯಂತ್ರಿತ ಉಷ್ಣ ಏರಿಕೆ’ ಅಂತ ಒಬ್ಬರು ಸೂಚಿಸಿದರು. ತಪ್ಪಿಲ್ಲ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಏಟು ಬಿದ್ದೋ, ಒಳಗೆ ಶಾರ್ಟ್ ಆಗಿಯೋ, ಮಿತಿಮೀರಿ ಚಾರ್ಜ್ ಆಗಿಯೋ ಒಂದು ಸೆಲ್ಲು ವಿಪರೀತ ಬಿಸಿಯಾಗುತ್ತದೆ. ಒಂದು ಹಂತ ದಾಟಿದರೆ ಅದರೊಳಗಿನ ವಸ್ತುಗಳೇ ಒಡೆದು ಇನ್ನಷ್ಟು ಬಿಸಿ ಹುಟ್ಟಿಸುತ್ತವೆ. ಆ ಬಿಸಿ ಪಕ್ಕದ ಸೆಲ್ಲಿಗೆ ದಾಟುತ್ತದೆ. ಹಸಿ ಹುಲ್ಲಿನ ಬಣವೆ ಒಳಗೊಳಗೇ ಕಾವು ಹಿಡಿಯುತ್ತದಲ್ಲ, ಹಾಗೆ. ಇಲ್ಲಿ ಅದು ನಿಮಿಷಗಳಲ್ಲಿ, ಒಮ್ಮೊಮ್ಮೆ ಸೆಕೆಂಡುಗಳಲ್ಲಿ ಆಗಿಹೋಗುತ್ತದೆ. ಆದ್ದರಿಂದ ‘ಕಾವು ಕೈಮೀರುವುದು’ ಅಂದರೆ ಹೇಗೆ? ‘ಸೆಲ್ಲಿನ ಕಾವು ಕೈಮೀರಿತು’ ಅಂತ ಮಾತಿನಲ್ಲಿ ಸಲೀಸಾಗಿ ಕೂರುತ್ತದೆ. ಇದಕ್ಕಿಂತ ಚಿಕ್ಕ ನಾಮಪದ ಬೇಕು ಅನ್ನುವವರು ಹೇಳಿ.

‘ನೆಲಮಾಳಿಗೆ’ಯ ಬಗ್ಗೆ ತಕರಾರಿಲ್ಲ. ಆಡುವುದು ಬೇಸ್‌ಮೆಂಟು, ಸೆಲ್ಲಾರು ಅಂತಲೇ. ಫಲಕದಲ್ಲಿ ಎರಡರಲ್ಲಿ ಒಂದನ್ನು ಹಾಕಿದರೂ ನಡೆಯುತ್ತದೆ.

ಹೆಚ್ಚು ಯೋಚನೆ ಬೇಕಾಗಿರುವುದು ‘ಹೊಗೆ’ಗೆ. ಕಾವು ಕೈಮೀರಿದ ಬ್ಯಾಟರಿ ಉರಿ ಕಾಣುವ ಮೊದಲೇ ಬಿಳಿ ಮೋಡದಂಥದ್ದನ್ನು ಉಗುಳಬಹುದು. ಕರಡಿನಲ್ಲಿ ಅದಕ್ಕೆ ‘ಆವಿ’ ಅಂತಿದೆ. ಆವಿ ಅಂದರೆ ಇಡ್ಲಿ ಪಾತ್ರೆಯ ಆವಿ ಅಂತ ಯಾರಾದರೂ ಹತ್ತಿರ ಹೋದಾರು. ಅದರಲ್ಲಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್ ಇರುತ್ತವೆ. ಉಸಿರಿಗೆ ವಿಷ, ಕಿಡಿ ಸಿಕ್ಕರೆ ಸಿಡಿಯುತ್ತದೆ. ಬಯಲಿನಲ್ಲಿ ಚದುರಿಹೋಗುವ ಇದು ತಗ್ಗು ಚಾವಣಿಯ ಕೆಳಗೆ, ಗಾಳಿ ಆಡದ ಕಡೆ ತುಂಬಿಕೊಳ್ಳುತ್ತದೆ. ‘ವಿಷಹೊಗೆ’ ಅಂತ ಒಂದೇ ಪದವಾಗಿ, ದಪ್ಪಕ್ಷರದಲ್ಲಿ ಬರೆಯಬೇಕು ಅನ್ನುವುದು ನನ್ನ ಹಟ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಂ, ಮೇಲೆ ಲಾಡ್ಜ್ ಇದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 8 ಜನ ಸತ್ತರು. ಮೆಟ್ಟಿಲಿನಲ್ಲಿ ಮೇಲಕ್ಕೆ ನುಗ್ಗಿದ್ದು ಹೊಗೆ. 2024ರ ಆಗಸ್ಟ್ 1ರಂದು ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಅಪಾರ್ಟ್‌ಮೆಂಟಿನ ಭೂಗತ ಪಾರ್ಕಿಂಗಿನಲ್ಲಿ ಚಾರ್ಜಿಗೂ ಹಾಕದೆ ಸುಮ್ನೆ ನಿಂತಿದ್ದ ಒಂದು ಕಾರು ಹೊತ್ತಿಕೊಂಡಿತು. ಬೆಂಕಿಯನ್ನು ಪೂರ್ತಿ ನಂದಿಸಲು 8 ಗಂಟೆಗೂ ಹೆಚ್ಚು ಹಿಡಿಯಿತು. ಪೆಟ್ರೋಲ್ ಗಾಡಿಗಿಂತ ಇವು ಹೆಚ್ಚು ಸಲ ಹೊತ್ತಿಕೊಳ್ಳುತ್ತವೆ ಅಂತ ನಾನು ಹೇಳುತ್ತಿಲ್ಲ, ಫಲಕವನ್ನೂ ಹಾಗೆ ಹೆದರಿಸಲು ಬಳಸಬಾರದು. ಹೊತ್ತಿಕೊಂಡಾಗ ನಡೆದುಕೊಳ್ಳುವ ರೀತಿ ಬೇರೆ, ಅಷ್ಟನ್ನು ಜನರಿಗೆ ಮುಟ್ಟಿಸಬೇಕು.

ಈಗ ನಾನು ತಿದ್ದಿರುವ ರೂಪ:

“ವಾಹನದಿಂದ ಬಿಳಿ ಅಥವಾ ಕಪ್ಪು ವಿಷಹೊಗೆ ಬಂದರೆ ಹತ್ತಿರ ಹೋಗಬೇಡಿ. ಗಾಡಿ ಹೊರಗೆ ತಳ್ಳಲು ಹೋಗಬೇಡಿ. ಎಲ್ಲರನ್ನೂ ಕೂಗಿ ಎಚ್ಚರಿಸಿ, ಹೊರಗೆ ಬಂದು 112ಕ್ಕೆ ಕರೆ ಮಾಡಿ. ಉರಿ ನಿಂತರೂ ಬ್ಯಾಟರಿ ತಣಿದಿರುವುದಿಲ್ಲ, ಮತ್ತೆ ಹೊತ್ತಿಕೊಳ್ಳಬಹುದು. ಅಗ್ನಿಶಾಮಕದವರು ಹೇಳುವ ತನಕ ಒಳಗೆ ಹೋಗಬೇಡಿ. ಮಳೆನೀರಿನಲ್ಲಿ ಮುಳುಗಿದ, ಪೆಟ್ಟು ಬಿದ್ದ ಗಾಡಿಯನ್ನು ಇಲ್ಲಿ ಚಾರ್ಜಿಗೆ ಹಾಕಬೇಡಿ.”

ವಾಚ್‌ಮನ್‌ಗೆ ಇದನ್ನು ಓದಿ ಹೇಳಿದೆ. ‘ಉರಿ ನಿಂತರೂ’ ಅನ್ನುವುದು ಅವರಿಗೆ ಕೂಡಲೇ ಹಿಡಿಸಿತು. ‘ತಣಿದಿರುವುದಿಲ್ಲ’ ಬಂದಾಗ ಒಂದು ಕ್ಷಣ ತಡೆದು, “ಒಳಗೆ ಇನ್ನೂ ಕಾದಿರ್ತದೆ ಅಂತ ಹಾಕಿ ಸಾರ್” ಅಂದರು. ‘ಕಾದಿರುತ್ತದೆ’ ಒಳ್ಳೆಯ ಸೂಚನೆ, ಆದರೆ ಕಾಯುವುದು ಅಂದರೆ ದಾರಿ ಕಾಯುವುದೂ ಹೌದಲ್ಲ? ಸಕಲೇಶಪುರ, ಮೂಡಿಗೆರೆ ಕಡೆಯವರು, ಅರಸೀಕೆರೆ ಕಡೆಯವರು ಮನೆಯಲ್ಲಿ ಏನನ್ನುತ್ತೀರಿ? ಉರಿ ಹೋಗಿದೆ, ಬಿಸಿ ಹೋಗಿಲ್ಲ ಅನ್ನುವುದಕ್ಕೆ ಒಂದೇ ಪದ ನಿಮ್ಮಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಜೊತೆ ತಿಳಿಸಿ. ಫಲಕ ಇನ್ನೂ ಅಚ್ಚಿಗೆ ಹೋಗಿಲ್ಲ.